ಮದ್ದು ಬಿಟ್ಟವರ ಲೆಕ್ಕ

ಓದುಗರೇ, ‘ಪರಿಹಾರ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಿಮ್ಮ ಮನಸ್ಸಿಗೆ ಬರುವುದೇನು? ನನಗಂತೂ ಬರಗಾಲ. ನನ್ನೂರು ಜಗಳೂರು ತಾಲ್ಲೂಕಿನ ಬಿಳಿಚೋಡು. ಈಗ ದಾವಣಗೆರೆ ಜಿಲ್ಲೆ. ನಾನು ಶಾಲೆಗೆ ಹೋಗುತ್ತಿದ್ದಾಗ ಚಿತ್ರದುರ್ಗ ಜಿಲ್ಲೆ. ಮಳೆಯನ್ನೇ ನಂಬಿದ ಸೀಮೆ. ಅಲ್ಲಿ ಪರಿಹಾರವೆಂದರೆ ಮಳೆ ಕೈಕೊಟ್ಟ ವರ್ಷ ತಾಲ್ಲೂಕು ಕಚೇರಿಯಿಂದ ಬರುವ ಹಣ. ಮಳೆರಾಯನ ಮೇಲೆ ದಾವೆ ಹೂಡುವಂತಿಲ್ಲ. ಆದ್ದರಿಂದ ಸರ್ಕಾರ ಕನಿಕರಪಟ್ಟು ಕೊಡುತ್ತದೆ, ನಾವು ಕೈಮುಗಿದು ತೆಗೆದುಕೊಳ್ಳುತ್ತೇವೆ.

ಆದರೆ ಮನುಷ್ಯರೇ ತಯಾರಿಸಿ, ದುಡ್ಡು ಎಣಿಸಿಕೊಂಡು ಮಾರಿದ ವಸ್ತುವೊಂದು ಮೈಗೆ ಕೇಡು ಮಾಡಿದಾಗ ಬರಬೇಕಾದ ಹಣಕ್ಕೂ ನಮ್ಮ ಭಾಷೆಯಲ್ಲಿ ಅದೇ ಹೆಸರು. ಮೊದಲನೆಯದು ದಯೆ, ಎರಡನೆಯದು ಬಾಕಿ. ಬಾಕಿಯನ್ನು ದಯೆಯೆಂದು ಬಗೆದು ಕೈಮುಗಿದು ನಿಂತರೆ ಏನಾಗುತ್ತದೆಂಬುದನ್ನು, ಈ ಸಂಚಿಕೆಯ ಮಾತುಕತೆಗೆ ಸಿದ್ಧತೆ ನಡೆಸುತ್ತ ಹಳೆಯ ಕಾಗದಗಳನ್ನು ತಿರುವಿಹಾಕುವಾಗ ಕಂಡೆ. ಅದನ್ನೇ ನಿಮ್ಮೆದುರು ಇಡುತ್ತಿದ್ದೇನೆ.

ಮೊದಲು ಮನೆಯ ಮಾತು. 1991ರಲ್ಲಿ, ನಾನು ಮೂರನೆಯ ತರಗತಿಯಲ್ಲಿದ್ದಾಗ, ನಮ್ಮ ದೊಡ್ಡಪ್ಪ ಹತ್ತಿ ಹೊಲಕ್ಕೆ ಎಣ್ಣೆ ಹೊಡೆಯಲು ಹೋದರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುವುದು ರೂಢಿ. ಸ್ವಲ್ಪ ಮರ್ಯಾದೆಯಿಂದ ಹೇಳುವವರು ಔಷಧಿ ಎನ್ನುತ್ತಾರೆ. ಬೆನ್ನಿಗೆ ಕಟ್ಟಿದ್ದ ಪಂಪಿನ ಕೊಳವೆ ಕೂಡುವ ಕಡೆ ಸೋರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಂಗಿಯ ಬೆನ್ನು ತೊಯ್ದಿತ್ತು. ಸಂಜೆಗೆ ವಾಂತಿ, ಕೈಕಾಲು ಸೆಳೆತ. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ದಾವಣಗೆರೆಗೆ ಒಯ್ದರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವ ಔಷಧಿ? ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯವನು ದೊಡ್ಡ ಡಬ್ಬಿಯಿಂದ ಬಾಟಲಿಗೆ ಸುರಿದುಕೊಟ್ಟಿದ್ದ.

ವಿಜ್ಞಾನ ಓದಿದ ಮೇಲೆ ಆ ಪ್ರಶ್ನೆಯ ತೂಕ ನನಗೆ ತಿಳಿಯಿತು. ಪ್ಯಾರಾಥಿಯಾನಿನಂಥ ರಂಜಕದ ವಿಷವಾದರೆ ಅಟ್ರೊಪಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಎಂಡೋಸಲ್ಫಾನಿನಂಥ ಕ್ಲೋರಿನ್ ಜಾತಿಯ ವಿಷಕ್ಕೆ ಹಾಗೆ ಗುರಿಯಿಟ್ಟ ಪ್ರತಿವಿಷವೇ ಇಲ್ಲ. ಸೆಳೆತ ತಡೆದು ಕಾಯಬೇಕು, ಅಷ್ಟೆ. ದೊಡ್ಡಪ್ಪ ಬದುಕಿದರು. ಬಲಗೈ ನಡುಕ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಚಹಾ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು.

ತಿಂಗಳಾದ ಮೇಲೆ ಅವರು ಅಂಗಡಿಗೆ ಹೋಗಿ ಕೇಳಿದರು. ಅಂಗಡಿಯವನು ಕುರ್ಚಿ ಹಾಕಿ ಕೂರಿಸಿ, ಬಹಳ ಗೌರವದಿಂದಲೇ ಅಂದನಂತೆ: “ಬಿಲ್ ಐತೇನ್ರಿ ಗೌಡ್ರೆ?” ಬಿಲ್ಲೂ ಇರಲಿಲ್ಲ, ಡಬ್ಬಿಯ ಚೀಟಿಯೂ ಇರಲಿಲ್ಲ. ಕಂಪನಿಯ ಹೆಸರಂತೂ ಇಂದಿಗೂ ನಮಗೆ ತಿಳಿಯದು. ಅಂಗಡಿಯವನು ದಾರಿ ಖರ್ಚಿಗೆಂದು ಐವತ್ತು ರೂಪಾಯಿ ಕೊಟ್ಟು ಕಳಿಸಿದ. ನಮ್ಮ ಮನೆಯಲ್ಲಿ ಅದನ್ನು ‘ಪರಿಹಾರ’ ಎಂದೇ ಬಹಳ ದಿನ ಹೇಳಿಕೊಳ್ಳುತ್ತಿದ್ದರು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಹಳ್ಳಿಯ ಹಿರಿಯರು ಯಾವ ಕೀಟನಾಶಕಕ್ಕಾದರೂ ‘ಪಾಲಿಡಾಲ್’ ಎನ್ನುವುದನ್ನು ನೀವು ಕೇಳಿರಬಹುದು. ಫಾಲಿಡಾಲ್ ಎಂಬುದು ಪ್ಯಾರಾಥಿಯಾನಿನ ವ್ಯಾಪಾರದ ಹೆಸರು. 1958ರಲ್ಲಿ ಇದೇ ವಿಷ ಸಾಗಾಣಿಕೆಯ ವೇಳೆ ಆಹಾರ ಪದಾರ್ಥದೊಂದಿಗೆ ಬೆರೆತು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಗೋಧಿ ಹಿಟ್ಟಿನ ಮೂಟೆಯೂ ವಿಷದ ಡಬ್ಬಿಯೂ ಒಟ್ಟಿಗೆ ಪ್ರಯಾಣ ಮಾಡಬಾರದೆಂಬ ನಿಯಮ ಕೂಡ ಆಗ ನಮ್ಮಲ್ಲಿರಲಿಲ್ಲ. ವಿಚಾರಣಾ ಆಯೋಗ ಕುಳಿತು, ವರದಿ ಬಂದು, ಹತ್ತು ವರ್ಷದ ನಂತರ 1968ರಲ್ಲಿ ಕೀಟನಾಶಕ ಕಾಯಿದೆ ಹುಟ್ಟಿತು. ನೋಂದಣಿ, ಲೈಸೆನ್ಸು, ಚೀಟಿಯ ಮೇಲಿನ ತ್ರಿಕೋನ, ತಪ್ಪಿದರೆ ದಂಡ, ಜೈಲು, ಎಲ್ಲವೂ ಅದರಲ್ಲಿವೆ. ಆದರೆ ವಿಷ ತಗಲಿದವನಿಗೆ ಯಾರು ಎಷ್ಟು ಹಣ ತೆರಬೇಕೆಂಬ ಮಾತು ಅದರಲ್ಲಿಲ್ಲ. ಜನ ಸತ್ತದ್ದರಿಂದಲೇ ಹುಟ್ಟಿದ ಕಾಯಿದೆ ಇದು ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಆ ಕೊರತೆಯ ಫಲವನ್ನು ಉಂಡವರು ನಮ್ಮ ಹತ್ತಿ ಸೀಮೆಯವರಿಗಿಂತ ಹೆಚ್ಚಾಗಿ, ಇಲ್ಲಿಂದ ಬಹುದೂರದ, ಆದರೆ ನಮ್ಮದೇ ಭಾಷೆಯಾಡುವ ಕಾಸರಗೋಡಿನ ಜನ. ನಾವು ಎಣ್ಣೆ ಹೊಡೆಯುತ್ತೇವೆ. ಅಲ್ಲಿಯವರು ‘ಮದ್ದು ಬಿಡುವುದು’ ಎನ್ನುತ್ತಾರೆ. ಬೆನ್ನಿನ ಪಂಪಿನಿಂದ ಹೊಡೆದವನು ಕನಿಷ್ಠ ತನ್ನ ಹೊಲಕ್ಕೆ ತಾನೇ ಹೊಡೆದುಕೊಂಡ. ಅಲ್ಲಿ ಮದ್ದು ಬಂದದ್ದು ಆಕಾಶದಿಂದ.

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಸಂಗತಿ ನಿಮಗೆ ಗೊತ್ತೇ ಇದೆ. ಅದರ ಉತ್ತರದ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಎಂಬ ಗ್ರಾಮ, ಅಲ್ಲಿ ವಾಣಿನಗರ, ಸ್ವರ್ಗ ಎಂಬ ಊರುಗಳು. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಾಗದ ಮಲಯಾಳದಲ್ಲಿ. ಗುಡ್ಡದ ಮೇಲೆಲ್ಲ ಗೇರು, ತಗ್ಗಿನಲ್ಲಿ ಮನೆ, ಅಡಿಕೆ ತೋಟ, ತೋಡು. ಕುಡಿಯುವ ನೀರಿಗೆ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗಗಳು. ಅಂದರೆ ಗುಡ್ಡದ ಮೇಲೆ ಬಿದ್ದದ್ದೇನಿದ್ದರೂ ಮಳೆಯೊಂದಿಗೆ ಇಳಿದು ಬರುವುದು ಮನೆಗೇ.

ಆ ಗುಡ್ಡಗಳಲ್ಲಿ ಗೇರು ಬೆಳೆಸಿದ್ದು ಕೇರಳ ಸರ್ಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್. ಕಾಸರಗೋಡು ಜಿಲ್ಲೆಯಲ್ಲಿ ಅದರ ಗೇರು ತೋಟಗಳು ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿ. ಗೇರಿನ ಚಿಗುರಿಗೆ, ಹೂವಿಗೆ ಟೀ ಸೊಳ್ಳೆಯ ಕಾಟ. ಹೆಸರಿಗೆ ಸೊಳ್ಳೆ, ನಿಜದಲ್ಲಿ ರಸ ಹೀರುವ ತಿಗಣೆ ಜಾತಿಯ ಕೀಟ. ಅದನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಮರದ ತುದಿಯಿಂದ ಕೆಲವೇ ಅಡಿ ಮೇಲೆ ಹಾರಬೇಕು, ಬಾವಿಗಳನ್ನು ಮುಚ್ಚಿಸಬೇಕು ಎಂದು ನಿಯಮ. ಏರುತಗ್ಗಿನ ಆ ನೆಲದಲ್ಲಿ ಹೆಲಿಕಾಪ್ಟರು ಅಷ್ಟು ತಗ್ಗಿ ಹಾರುವುದೆಂತು? ತೋಡಿಗೆ, ಸುರಂಗಕ್ಕೆ ಮುಚ್ಚಳ ಹಾಕುವುದೆಂತು?

1979ರಲ್ಲೇ ಪಡ್ರೆಯಲ್ಲಿ ಕರುಗಳು ಅಂಗ ಊನವಾಗಿ ಹುಟ್ಟಿದ್ದನ್ನು ರೈತರು ಕಂಡರು. ಪತ್ರಕರ್ತ ಶ್ರೀ ಪಡ್ರೆಯವರು 1981ರಲ್ಲಿ ಅದನ್ನು ಪತ್ರಿಕೆಯಲ್ಲಿ ಬರೆದರು. ನೀರಿಂಗಿಸುವ ಕೆಲಸಕ್ಕೂ ‘ಅಡಿಕೆ ಪತ್ರಿಕೆ’ಗೂ ಹೆಸರಾದವರೇ ಅವರು. ಕರುವಿನ ಸುದ್ದಿ ಯಾರನ್ನೂ ಎಬ್ಬಿಸಲಿಲ್ಲ. ಅದೇ ಊರಲ್ಲಿ ವೈದ್ಯಕೀಯ ಮಾಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ರೀತಿ ಬೇರೆಯಾಗಿದೆಯೆಂದು ಗುರುತಿಸಿದರು. ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್, ಗರ್ಭಪಾತ, ಇವು ಒಂದೇ ಸಣ್ಣ ಊರಲ್ಲಿ ಇಷ್ಟೊಂದು ಏಕೆ? 1990ರ ದಶಕದಲ್ಲಿ ಅವರು ವೈದ್ಯಕೀಯ ಪತ್ರಿಕೆಗೆ ಬರೆದು ಬೇರೆ ವೈದ್ಯರನ್ನು ಕೇಳಿದರು. ಅಂದರೆ ಈ ದೊಡ್ಡ ಪ್ರಕರಣ ಶುರುವಾದದ್ದು ಒಂದು ಕರುವಿನಿಂದ ಮತ್ತು ಒಬ್ಬ ಹಳ್ಳಿ ಡಾಕ್ಟರರ ನೋಟ್‌ಬುಕ್ಕಿನಿಂದ.

ಕೋರ್ಟಿನ ಮೆಟ್ಟಿಲು ಮೊದಲು ಹತ್ತಿದವರು ಪೆರಿಯದ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ. 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. (ಇದು ನಮ್ಮ ಚಿತ್ರದುರ್ಗದ ಹೊಸದುರ್ಗವಲ್ಲ, ಕಾಸರಗೋಡಿನದು.) 2000ದ ಅಕ್ಟೋಬರಿನಲ್ಲಿ ಅವರಿಗೆ ಗೆಲುವು ಸಿಕ್ಕಿತು. ಅವರು ಹಣ ಕೇಳಲಿಲ್ಲವೆಂಬುದನ್ನು ಗಮನಿಸಿ. ಸಿಂಪಡಣೆ ನಿಲ್ಲಿಸಿ ಎಂದು ಕೇಳಿದರು. ನಿಲ್ಲಿಸೆಂದು ಕೇಳುವವನು ‘ಅಪಾಯವಿದೆ’ ಎಂದು ತೋರಿಸಿದರೆ ಸಾಕು. ಹಣ ಕೇಳುವವನು ‘ನನಗೆ ಆದದ್ದು ಇದರಿಂದಲೇ’ ಎಂದು ತೋರಿಸಬೇಕು. ಮೊದಲನೆಯದಕ್ಕೆ ಎರಡು ವರ್ಷ ಹಿಡಿಯಿತು. ಎರಡನೆಯದಕ್ಕೆ ಇಪ್ಪತ್ತು ವರ್ಷ.

ಈ ‘ಇದರಿಂದಲೇ’ ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಕಂಪನಿಗಳೆಲ್ಲ ಬಚಾವಾಗುವುದು ಇಲ್ಲೇ.

ಥಾಲಿಡೊಮೈಡ್ ಎಂಬ ನಿದ್ರೆ ಮಾತ್ರೆಯ ಕತೆಯನ್ನು ನೀವು ಕೇಳಿರಬಹುದು. 1957ರಿಂದ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು, ಗರ್ಭಿಣಿಯರೂ ನುಂಗಿದರು. ಕೈಕಾಲು ಮೊಟಕಾದ ಸಾವಿರಾರು ಮಕ್ಕಳು ಹುಟ್ಟಿದರು. 1961ರಲ್ಲಿ ಅದನ್ನು ಹಿಂದಕ್ಕೆ ಪಡೆದರು, 1970ರಲ್ಲಿ ಕಂಪನಿ ಹತ್ತು ಕೋಟಿ ಮಾರ್ಕ್ ಕೊಡಲು ಒಪ್ಪಿತು. ಅಲ್ಲಿ ಮಾತ್ರೆಗೂ ಊನಕ್ಕೂ ಇರುವ ಸಂಬಂಧ ಕೆಲವೇ ವರ್ಷಗಳಲ್ಲಿ ಹೇಗೆ ಹೊರಬಿತ್ತು? ಆ ಬಗೆಯ ಊನ ಎಷ್ಟು ಅಪರೂಪವೆಂದರೆ, ಹತ್ತು ಮಕ್ಕಳು ಹಾಗೆ ಹುಟ್ಟಿದೊಡನೆ ವೈದ್ಯರು ಬೆಚ್ಚಿಬಿದ್ದು ಕಾರಣ ಹುಡುಕುತ್ತಾರೆ. ಪಡ್ರೆಯ ರೋಗಗಳು ಹಾಗಲ್ಲ. ಅಪಸ್ಮಾರ ಎಲ್ಲ ಊರಲ್ಲೂ ಇದೆ, ಕ್ಯಾನ್ಸರ್ ಎಲ್ಲ ಊರಲ್ಲೂ ಇದೆ. ಊರಿಗೆ ಊರನ್ನೇ ತೂಗಿದರೆ ತಕ್ಕಡಿ ಒಂದು ಕಡೆ ವಾಲುವುದು ಕಾಣುತ್ತದೆ. ಆದರೆ ಒಬ್ಬ ತಾಯಿಯನ್ನು ನಿಲ್ಲಿಸಿ, ‘ನಿನ್ನ ಮಗುವಿಗೆ ಆದದ್ದು ಹೆಲಿಕಾಪ್ಟರಿನ ಹನಿಯಿಂದಲೇ ಎಂದು ಸಾಬೀತು ಮಾಡು’ ಎಂದರೆ ಆಕೆಯಷ್ಟೇ ಅಲ್ಲ, ಲೋಕದ ಯಾವ ಪ್ರಯೋಗಶಾಲೆಯೂ ಮಾಡಲಾರದು.

ಹಾಗೆ ಊರಿಗೆ ಊರನ್ನೇ ತೂಗಿದವರು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರ ಆರಂಭದಲ್ಲಿ ಪಡ್ರೆಯ ಜನರ ರಕ್ತದಲ್ಲೂ ನೀರಿನಲ್ಲೂ ಎಂಡೋಸಲ್ಫಾನ್ ಇದೆಯೆಂದು ಪ್ರಕಟಿಸಿತ್ತು. ಅದು ಪತ್ರಿಕೆಗಳಲ್ಲಿ ಬಂದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಚಾರಿಸಿತು, ಅಹಮದಾಬಾದಿನವರು ಅದೇ ವರ್ಷ ಊರಿಗೆ ಬಂದರು. ಪಡ್ರೆಯ 117 ಹುಡುಗರನ್ನೂ, ಸುಮಾರು 20 ಕಿಲೋಮೀಟರು ದೂರದ, ಸಿಂಪಡಣೆಯಾಗದ ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. ಪಡ್ರೆಯ ಹುಡುಗರಲ್ಲಿ ನೂರಕ್ಕೆ 78 ಮಂದಿಯ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು, ಆ ಇನ್ನೊಂದು ಊರಲ್ಲಿ 29. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. ಸಿಂಪಡಣೆ ನಿಂತು ಹತ್ತು ತಿಂಗಳಾಗಿದ್ದಾಗ ಸಿಕ್ಕ ಅಂಕಿಗಳಿವು. 2003ರಲ್ಲಿ ಅವು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದವು.

ಮತ್ತೊಂದು ಕಡೆಯಿಂದಲೂ ವರದಿಗಳು ಬಂದವು. ಪ್ಲಾಂಟೇಶನ್ ಕಾರ್ಪೊರೇಶನ್ ತಾನೇ ಒಂದು ಸಂಸ್ಥೆಯನ್ನು ಕರೆಸಿ ಪರೀಕ್ಷೆ ಮಾಡಿಸಿತು. ಅವರಿಗೆ ರಕ್ತದಲ್ಲಿ ಏನೂ ಸಿಗಲಿಲ್ಲ. ಕೇಂದ್ರದ ಕೃಷಿ ಸಚಿವಾಲಯ ನೇಮಿಸಿದ ಓ.ಪಿ. ದುಬೆ ಸಮಿತಿ, ಎಂಡೋಸಲ್ಫಾನಿಗೂ ಆ ಊರಿನ ಕಾಯಿಲೆಗಳಿಗೂ ಸಂಬಂಧ ಕಾಣದೆಂದು ಹೇಳಿತು. ವಿಜ್ಞಾನದಲ್ಲಿ ಭಿನ್ನಾಭಿಪ್ರಾಯ ಇರಬಾರದೆಂದು ನಾನು ಹೇಳುವುದಿಲ್ಲ. ಎಂಡೋಸಲ್ಫಾನ್ ಬಗ್ಗೆ ಇಂದಿಗೂ ಪ್ರತಿಯೊಂದು ಕಾಯಿಲೆಯ ಲೆಕ್ಕ ಪಕ್ಕಾ ಆಗಿಲ್ಲವೆನ್ನುವವರಿದ್ದಾರೆ. ಅವರೆಲ್ಲ ಕಂಪನಿಯ ಏಜೆಂಟರಲ್ಲ. ಆದರೆ ಸಂದೇಹದ ಲಾಭ ಯಾರಿಗೆ ಹೋಗಬೇಕು ಎನ್ನುವುದು ವಿಜ್ಞಾನದ ಪ್ರಶ್ನೆಯಲ್ಲ. ಅದು ಕಾನೂನಿನ ಪ್ರಶ್ನೆ, ನೀತಿಯ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಸರ್ವೋಚ್ಚ ನ್ಯಾಯಾಲಯ ಬಹಳ ಹಿಂದೆಯೇ ಒಂದು ಉತ್ತರ ಕೊಟ್ಟಿತ್ತು. 1984ರ ಡಿಸೆಂಬರಿನಲ್ಲಿ ಭೋಪಾಲ ದುರಂತ. ಮರುವರ್ಷದ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಅನಿಲ ಸೋರಿಕೆ. ಶ್ರೀರಾಮ್ ಪ್ರಕರಣದಲ್ಲಿ 1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಹೇಳಿದ್ದರ ಸಾರ ಇಷ್ಟು: ಅಪಾಯಕಾರಿ ವಸ್ತುವಿನಿಂದ ಲಾಭ ಮಾಡುವ ಉದ್ಯಮ, ಎಷ್ಟೇ ಎಚ್ಚರ ವಹಿಸಿದ್ದೆನೆಂದರೂ, ಆದ ಹಾನಿಗೆ ತಾನೇ ಪೂರ್ತಿ ಹೊಣೆ. ಉದ್ಯಮ ದೊಡ್ಡದಾದಷ್ಟೂ ತೆರಬೇಕಾದ ಮೊತ್ತವೂ ದೊಡ್ಡದು. ಇಂಗ್ಲೆಂಡಿನ ಹತ್ತೊಂಬತ್ತನೆಯ ಶತಮಾನದ ಕಾನೂನು ಬಿಟ್ಟುಕೊಟ್ಟಿದ್ದ ವಿನಾಯಿತಿಗಳನ್ನು ಕೂಡ ಈ ತೀರ್ಪು ಕಿತ್ತುಹಾಕಿತು.

ಆದರೆ ಭೋಪಾಲಕ್ಕೇ ಆ ಅಳತೆಗೋಲು ಬರಲಿಲ್ಲ. 1989ರ ಫೆಬ್ರವರಿ 14ರಂದು 47 ಕೋಟಿ ಡಾಲರಿಗೆ ರಾಜಿಯಾಯಿತು. ಆ ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ನಮ್ಮ ನಾಡಿನ ಇಬ್ಬರಿದ್ದರು, ಇ.ಎಸ್. ವೆಂಕಟರಾಮಯ್ಯ ಮತ್ತು ಎಂ.ಎನ್. ವೆಂಕಟಾಚಲಯ್ಯ. 1991ರಲ್ಲಿ ರಾಜಿಯ ಮರುಪರಿಶೀಲನೆ ನಡೆದಾಗ ಹಣದ ಮೊತ್ತ ಹಾಗೇ ಉಳಿಯಿತು, ಕ್ರಿಮಿನಲ್ ಮೊಕದ್ದಮೆಗಳಿಗೆ ಮತ್ತೆ ಜೀವ ಬಂತು. ಆ ತೀರ್ಪನ್ನು ಬರೆದವರು ವೆಂಕಟಾಚಲಯ್ಯನವರೇ. ಮೊತ್ತ ಸಾಲದೆಂದು ಕೇಂದ್ರ ಸರ್ಕಾರ ಬಹು ತಡವಾಗಿ ಸಲ್ಲಿಸಿದ ಕೊನೆಯ ಅರ್ಜಿ 2023ರ ಮಾರ್ಚ್ 14ರಂದು ವಜಾ ಆಯಿತು.

ಭೋಪಾಲದಲ್ಲಿ ಕಡೇಪಕ್ಷ ‘ಕಂಪನಿ’ ಎಂದು ಬೊಟ್ಟು ಮಾಡಲು ಒಬ್ಬರಿದ್ದರು. ಕಾಸರಗೋಡಿನಲ್ಲಿ ಬೊಟ್ಟು ಯಾರತ್ತ? ಎಂಡೋಸಲ್ಫಾನನ್ನು ಮೊದಲು ರೂಪಿಸಿದ್ದು 1950ರ ದಶಕದಲ್ಲಿ ಜರ್ಮನಿಯ ಹೋಕ್ಸ್ಟ್ ಕಂಪನಿ. ನಮ್ಮಲ್ಲಿ ತಯಾರಿಸುತ್ತಿದ್ದವರು ಎಕ್ಸೆಲ್, ಕೋರಮಂಡಲ್ ಮತ್ತು ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್. ಕೊನೆಯದು ಕೇಂದ್ರ ಸರ್ಕಾರದ್ದೇ ಸಂಸ್ಥೆ. ಒಂದು ಕಾಲಕ್ಕೆ ಲೋಕದಲ್ಲೇ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಾಗುತ್ತಿದ್ದುದು ಭಾರತದಲ್ಲಿ. ಸಿಂಪಡಿಸಿದ್ದು ರಾಜ್ಯ ಸರ್ಕಾರದ ನಿಗಮ, ಬಳಕೆಗೆ ಒಪ್ಪಿಗೆ ಕೊಟ್ಟದ್ದು 1968ರ ಕಾಯಿದೆಯಡಿಯ ಕೇಂದ್ರ ಮಂಡಳಿ. ತಯಾರಿಸಿದವನು, ಸಿಂಪಡಿಸಿದವನು, ಒಪ್ಪಿಗೆ ಕೊಟ್ಟವನು, ಪರಿಶೀಲನಾ ಸಮಿತಿ ನೇಮಿಸಿದವನು, ಕೊನೆಗೆ ಹಣ ಹಂಚಿದವನು, ಇವರೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರು! ಖಾಸಗಿ ತಯಾರಕರು ಈ ಮನೆಯ ಹಿಂದೆ ನೆರಳಲ್ಲಿ ನಿಂತರು. ಅಂಗಡಿಯವನು ನಮ್ಮ ದೊಡ್ಡಪ್ಪನನ್ನು ಬಿಲ್ ಕೇಳಿದ; ಪಡ್ರೆಯವರಂತೂ ಏನನ್ನೂ ಕೊಂಡವರೇ ಅಲ್ಲ.

ಮುಂದಿನದನ್ನು ವೇಗವಾಗಿ ಹೇಳುತ್ತೇನೆ, ಏಕೆಂದರೆ ಅದು ತಾರೀಖುಗಳ ಕತೆ. 2010ರ ಡಿಸೆಂಬರ್ 31ರಂದು ಮಾನವ ಹಕ್ಕುಗಳ ಆಯೋಗ ಶಿಫಾರಸು ಮಾಡಿತು: ಸತ್ತವರ ಕುಟುಂಬಕ್ಕೆ, ಹಾಸಿಗೆ ಹಿಡಿದವರಿಗೆ, ಬುದ್ಧಿಮಾಂದ್ಯರಿಗೆ 5 ಲಕ್ಷ, ಇತರ ಊನವುಳ್ಳವರಿಗೆ 3 ಲಕ್ಷ ರೂಪಾಯಿ. 2011ರ ಏಪ್ರಿಲಿನಲ್ಲಿ ಜಿನೀವಾದ ಸಮ್ಮೇಳನ ಎಂಡೋಸಲ್ಫಾನನ್ನು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಿತು. ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿ 10ರಂದು ಅದೇ ನ್ಯಾಯಾಲಯ, ಐದು ಸಾವಿರಕ್ಕೂ ಹೆಚ್ಚು ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಕೇರಳ ಸರ್ಕಾರ ಮೂರು ತಿಂಗಳಲ್ಲಿ ಕೊಡಬೇಕೆಂದಿತು. ಆ ಹಣವನ್ನು ಕೇಂದ್ರದಿಂದಲೋ ತಯಾರಕರಿಂದಲೋ ವಸೂಲು ಮಾಡಲು ರಾಜ್ಯ ಕ್ರಮ ಜರುಗಿಸಬಹುದೆಂದೂ ಹೇಳಿತು. ತಾಯಿಯ ಕೈಗೆ ಬರುವ ಚೆಕ್ಕು ಸರ್ಕಾರದ್ದು. ಕಂಪನಿಯ ಜೊತೆಗಿನ ಜಗಳ ಆಮೇಲಿನದು.

ಮೂರು ತಿಂಗಳು ಐದು ವರ್ಷವಾಯಿತು. 2022ರ ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ, ಲೆಕ್ಕಕ್ಕಿದ್ದ 3,704 ಬಾಧಿತರಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ ಎಂದು ಹೊರಬಿತ್ತು. ಅದೂ ಏಕೆ? ಕೋರ್ಟಿಗೆ ಹೋದವರು ಆ ಎಂಟು ಮಂದಿ! ಸರ್ಕಾರ ಇಷ್ಟು ಕಾಲ ಏನೂ ಮಾಡಿಲ್ಲವೆಂದು ನ್ಯಾಯಮೂರ್ತಿಗಳು ಕಟುವಾಗಿ ಹೇಳಿ, ಆ ಎಂಟು ಮಂದಿಗೆ ತಲಾ 50,000 ರೂಪಾಯಿ ಖರ್ಚು ಕೊಡಿಸಿದರು. ಆ 3,704ರಲ್ಲಿ ಹಾಸಿಗೆ ಹಿಡಿದವರೇ 102 ಮಂದಿ ಇದ್ದರು. ಆ ಮೇಲೆ ಹಣ ಹಂಚಿಕೆ ಚುರುಕಾಯಿತು.

ನಮ್ಮ ರಾಜ್ಯದ ಕಡೆ ಬಂದರೆ, ದಕ್ಷಿಣ ಕನ್ನಡದಲ್ಲೂ ಗೇರು ಅಭಿವೃದ್ಧಿ ನಿಗಮ ಇದೇ ಮದ್ದನ್ನು ಹೆಲಿಕಾಪ್ಟರಿನಿಂದ ಬಿಡಿಸಿತ್ತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಮನೆಗಳಲ್ಲಿ ಅದೇ ದೃಶ್ಯ. ಕೊಕ್ಕಡದ ಹೋರಾಟ ಸಮಿತಿಯನ್ನು ಕಟ್ಟಿ ನಡೆಸಿದ ಶ್ರೀಧರ ಗೌಡರು ಸ್ವತಃ ಕಣ್ಣು ಕಾಣದವರು. 2011ರ ಫೆಬ್ರವರಿಯಲ್ಲಿ, ಸರ್ವೋಚ್ಚ ನ್ಯಾಯಾಲಯಕ್ಕಿಂತ ಮೊದಲೇ, ಕರ್ನಾಟಕ ಸರ್ಕಾರ ಎಂಡೋಸಲ್ಫಾನ್ ಬಳಕೆಯನ್ನು ತಡೆಯಿತು. ಆದರೆ ಇಲ್ಲಿ ಬಾಧಿತರಿಗೆ ಸಿಕ್ಕ ಮುಖ್ಯ ನೆರವು ಇಡಿಗಂಟಿನ ಪರಿಹಾರವಲ್ಲ, ಮಾಸಾಶನ. 2010ರ ದಶಕದಲ್ಲಿ ಅದು ಊನ ಹೆಚ್ಚಿದ್ದವರಿಗೆ 3,000, ಕಡಿಮೆಯಿದ್ದವರಿಗೆ 1,500 ರೂಪಾಯಿ. ಕೊಕ್ಕಡದಲ್ಲೂ ಕೊಯಿಲದಲ್ಲೂ ಹಗಲು ಪಾಲನಾ ಕೇಂದ್ರಗಳಾದವು. ಒಂದೇ ಮದ್ದು, ಒಂದೇ ಗೇರು, ನಡುವೆ ಗಡಿಯ ಕಲ್ಲು ಮಾತ್ರ. ಕಲ್ಲಿನ ಆ ಕಡೆ 5 ಲಕ್ಷ, ಈ ಕಡೆ ತಿಂಗಳ ಪಿಂಚಣಿ. ತಾಯಂದಿರನ್ನು ಕೇಳಿದರೆ, ಗಂಟಿಗಿಂತ ಪಾಲನಾ ಕೇಂದ್ರವೇ ಮೇಲು ಎನ್ನುವವರೂ ಇದ್ದಾರೆ. ನಾನು ಸತ್ತ ಮೇಲೆ ಇವನನ್ನು ನೋಡುವವರಾರು ಎಂಬುದು ಅವರ ಚಿಂತೆ.

ಜಪಾನಿನ ಮಿನಮಾಟಾದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಾನು ಮೊದಲಲ್ಲಿ ಹೇಳಿದ ದಯೆ–ಬಾಕಿಯ ಗೊಂದಲವನ್ನು ಅಲ್ಲಿನ ಕೋರ್ಟೊಂದು ಬಿಡಿಸಿಟ್ಟಿತು. ಚಿಸ್ಸೊ ಎಂಬ ಕಂಪನಿ ಪಾದರಸದ ವಿಷವನ್ನು ಕೊಲ್ಲಿಗೆ ಬಿಟ್ಟಿತ್ತು. ಮೀನು ತಿಂದ ಜನ ನರ ಸತ್ತು ನರಳಿದರು. 1956ರಲ್ಲಿ ರೋಗ ಗುರುತಾಯಿತು. 1959ರ ಡಿಸೆಂಬರ್ 30ರಂದು ಕಂಪನಿ ರೋಗಿಗಳ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ದೊಡ್ಡವರಿಗೆ ವರ್ಷಕ್ಕೆ ಒಂದು ಲಕ್ಷ ಯೆನ್, ಮಕ್ಕಳಿಗೆ 30,000. ಅದಕ್ಕೆ ಅವರು ಇಟ್ಟ ಹೆಸರು ‘ಮಿಮೈಕಿನ್’. ಕಾಯಿಲೆಯವರನ್ನು ನೋಡಹೋದಾಗ ಕೈಯಲ್ಲಿಡುವ ಹಣ ಎಂದು ಅರ್ಥ. ನಮ್ಮಲ್ಲಿ ಹಣ್ಣು ಬ್ರೆಡ್ಡು ಒಯ್ಯುವಂತೆ. ಒಪ್ಪಂದದಲ್ಲಿ ಒಂದು ಷರತ್ತೂ ಇತ್ತು: ರೋಗಕ್ಕೆ ಕಂಪನಿಯೇ ಕಾರಣವೆಂದು ಮುಂದೆ ತಿಳಿದುಬಂದರೂ ಹೆಚ್ಚಿಗೆ ಕೇಳುವಂತಿಲ್ಲ! ಜನ ಸಹಿ ಹಾಕಿದರು. ಚಳಿಗಾಲ, ಮನೆಯಲ್ಲಿ ಅಕ್ಕಿಯಿಲ್ಲ, ಹಾಕದೆ ಏನು ಮಾಡುತ್ತಾರೆ? ಹದಿಮೂರು ವರ್ಷಗಳ ನಂತರ, 1973ರ ಮಾರ್ಚ್ 20ರಂದು ಕುಮಮೊಟೊ ನ್ಯಾಯಾಲಯ, ಜನರ ಕಷ್ಟವನ್ನೂ ಅಜ್ಞಾನವನ್ನೂ ಬಳಸಿಕೊಂಡು ಮಾಡಿಸಿದ ಈ ಕಾಗದ ಸಲ್ಲದೆಂದು ತೀರ್ಪಿತ್ತು. ಕೊಟ್ಟದ್ದು ದಯೆ, ಬಾಕಿ ಹಾಗೇ ಉಳಿದಿದೆ ಎಂದಂತಾಯಿತು. ಅದನ್ನು ಓದಿದಾಗ ನನಗೆ ದೊಡ್ಡಪ್ಪನ ಐವತ್ತು ರೂಪಾಯಿ ನೆನಪಾಯಿತು.

ನಮ್ಮ ಕಸುಬಿನ ಬಗ್ಗೆ ಒಂದು ತಪ್ಪೊಪ್ಪಿಗೆ. ಕಾಸರಗೋಡಿಗೆ ಕ್ಯಾಮೆರಾ ಹೊತ್ತು ಹೋದವರೆಲ್ಲ ಹುಡುಕುವುದು ತಲೆ ದಪ್ಪಗಾದ ಮಗುವನ್ನು, ತಿರುಚಿದ ಕೈಯನ್ನು. ಮೊದಲ ಕೆಲವು ವರ್ಷ ಆ ಚಿತ್ರಗಳು ಬೇಕಿದ್ದವು. ಅವು ಇಲ್ಲದಿದ್ದರೆ ದೆಹಲಿ ಕಣ್ಣು ಬಿಡುತ್ತಿರಲಿಲ್ಲ. ಆಮೇಲೆ ಅದೇ ಮಕ್ಕಳನ್ನು ಮತ್ತೆ ಮತ್ತೆ ತೋರಿಸಿ, ನೋಡುವವರಲ್ಲಿ ‘ಅಯ್ಯೋ ಪಾಪ’ ಎನ್ನಿಸಿದೆವು. ಕಾರ್ಖಾನೆಯ ಗೇಟನ್ನಾಗಲಿ, ಒಪ್ಪಿಗೆಯ ಕಡತವನ್ನಾಗಲಿ, ಆ ವರ್ಷಗಳ ಮಾರಾಟದ ಪುಸ್ತಕವನ್ನಾಗಲಿ ತೋರಿಸಿದ ಕಾರ್ಯಕ್ರಮಗಳು ಬೆರಳೆಣಿಕೆಯವು. ಲೆಡ್ಜರಿನ ಚಿತ್ರ ತೆರೆಯ ಮೇಲೆ ಚೆನ್ನಾಗಿ ಬರುವುದಿಲ್ಲವೆಂದು ನಾನೇ ಎಷ್ಟೋ ಸಲ ಕತ್ತರಿಸಿ ಹಾಕಿದ್ದೇನೆ. ಪಾಪ ಎನ್ನಿಸಿಕೊಂಡವನಿಗೆ ಸಿಗುವುದು ಮಿಮೈಕಿನ್.

ಈಗಿನ ಕಾನೂನು ಏನನ್ನುತ್ತದೆಂದು ನೀವು ಕೇಳಬಹುದು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗಕ್ಕೆ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಲ್ಲಿ ‘ಉತ್ಪನ್ನ ಹೊಣೆಗಾರಿಕೆ’ ಎಂಬ ಒಂದು ಅಧ್ಯಾಯವೇ ಇದೆ. ದೋಷವಿರುವ ವಸ್ತುವಿನಿಂದ ಮೈಗೆ ಹಾನಿಯಾದರೆ ತಯಾರಿಸಿದವನನ್ನೂ ಮಾರಿದವನನ್ನೂ ಗ್ರಾಹಕ ಆಯೋಗದೆದುರು ನಿಲ್ಲಿಸಬಹುದು. ಸಾಕಷ್ಟು ಎಚ್ಚರಿಕೆಯ ಮಾತು, ಬಳಕೆಯ ಕ್ರಮ ಕೊಡದಿರುವುದೂ ಹೊಣೆಗೆ ಕಾರಣವಾಗುತ್ತದೆ. ರೈತನೂ ಗ್ರಾಹಕನೇ ಎಂದು ಬಿತ್ತನೆ ಬೀಜದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ದೊಡ್ಡಪ್ಪನಂಥವರಿಗೆ ಇವತ್ತು ದಾರಿಯಿದೆ, ಕೈಯಲ್ಲಿ ಬಿಲ್ಲೂ ಡಬ್ಬಿಯೂ ಇದ್ದರೆ. ಆದರೆ ಕಾಯಿದೆಯ ಮಾತುಗಳನ್ನು ಗಮನವಿಟ್ಟು ಓದಿ: ಹಾನಿ ಆಗಬೇಕಾದದ್ದು ‘ಗ್ರಾಹಕ’ನಿಗೆ. ಪಕ್ಕದ ಗುಡ್ಡದಿಂದ ಹಾರಿಬಂದ ಹನಿ ಯಾರ ಬಾವಿಗೆ ಬಿತ್ತೋ ಆತ ಗ್ರಾಹಕನಲ್ಲ. ಆತ ಇಂದಿಗೂ ಸಿವಿಲ್ ಕೋರ್ಟಿಗೋ ಹಸಿರು ನ್ಯಾಯಮಂಡಳಿಗೋ ರಿಟ್ ಅರ್ಜಿಗೋ ಹೋಗಬೇಕು.

ಹೋದ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ಹತ್ತಿಯ ಜಾಗದಲ್ಲಿ ಈಗ ಮೆಕ್ಕೆಜೋಳ. ಔಷಧಿ ಅಂಗಡಿಯಲ್ಲಿ ಕಂಪ್ಯೂಟರು ಕೂತಿದೆ. ಬಿಲ್ಲಿನಲ್ಲಿ ಔಷಧಿಯ ಹೆಸರು, ಕಂಪನಿ, ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಖು ಎಲ್ಲ ಸಾಲಾಗಿ ಅಚ್ಚಾಗುತ್ತವೆ. ನನ್ನ ಮುಂದೆ ನಿಂತಿದ್ದ ಹುಡುಗ ಎರಡು ಬಾಟಲಿ ಕೊಂಡು, ಫೋನಿನಲ್ಲೇ ಹಣ ಕೊಟ್ಟು, ಬಿಲ್ಲನ್ನು ಮೇಜಿನ ಮೇಲೇ ಬಿಟ್ಟು ಬೈಕು ಹತ್ತಿದ. “ತಮ್ಮಾ, ಬಿಲ್ ಬಿಟ್ಟೆ ನೋಡು” ಎಂದು ಕೂಗಿದೆ. ಅವನು ತಿರುಗಿ ನಕ್ಕ. “ಇರ್ಲಿ ಬಿಡಣ್ಣ, ಅದನ್ ತಗಂಡು ಏನ್ ಮಾಡ್ಲಿ?”

ನಾನು ಬೈಕಿನ ಹತ್ತಿರ ಹೋಗಿ ಅವನ ಅಂಗಿಯ ಜೇಬಿಗೆ ಅದನ್ನು ತುರುಕಿದೆ.